ಎತ್ತೋಕೆ ಬರುತ್ತೆ, ಇಳಿಸೋಕೆ ಬರಲ್ಲ

ಪ್ರಶ್ನೆ: ನಾನು ಕಲಬುರಗಿಯವನು, ವಯಸ್ಸು 28. ಮದುವೆ ವಿಡಿಯೋ ತೆಗೆದು ಎಡಿಟ್ ಮಾಡುವುದು ನನ್ನ ಕೆಲಸ. ಎರಡು ವರ್ಷದಿಂದ ಒಂದು ಆ್ಯಕ್ಷನ್ ಕಾಮಿಡಿ ಚಿತ್ರಕಥೆ ಬರೆಯುತ್ತಿದ್ದೇನೆ. ಹೀರೋ ಹೆಸರು ಭೀಮಶಾ, ತೊಗರಿ ಬೇಳೆ ಮಿಲ್ಲಿನಲ್ಲಿ ಹಮಾಲಿ. ಲಾರಿ ಎತ್ತುವಷ್ಟು ಶಕ್ತಿ ಅವನಿಗಿದೆ. ಆದರೆ ಕುಡಿಯುತ್ತಾನೆ, ಊರೆಲ್ಲ ಸಾಲ ಮಾಡಿದ್ದಾನೆ, ಬಾಯಿ ತೆಗೆದರೆ ಸುಳ್ಳು. ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡ ಬಸ್ಸನ್ನು ಎತ್ತಿ ಐವತ್ತು ಜನರನ್ನು ಉಳಿಸುತ್ತಾನೆ, ಆದರೆ ಆ ಬಸ್ಸನ್ನು ತಂದು ಒಂದು ಖಾನಾವಳಿ ಮೇಲೆ ಇಡುತ್ತಾನೆ. ಊರವರು ಹಾರ ಹಾಕುವ ಬದಲು ನಷ್ಟದ ಬಿಲ್ ಹಿಡಿದು ಬೆನ್ನು ಹತ್ತುತ್ತಾರೆ. ಅವನ ಗೆಳೆಯ ಆಟೋ ಚಾಂದಪಾಶಾ ಅವನನ್ನು ಸರಿದಾರಿಗೆ ತರುತ್ತಾನೆ. ಇಂಟರ್ವಲ್ ನಂತರ ಹೈದರಾಬಾದಿನಿಂದ ಒಬ್ಬ ವಿಜ್ಞಾನಿ ವಿಲನ್ ಬರುತ್ತಾನೆ.

ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ಮಾವ 40 ಲಕ್ಷ ಹಾಕಲು ಒಪ್ಪಿದ್ದಾರೆ. ಆದರೆ "ಗಟಾರದಾಗ ಬೀಳೋ ಹೀರೋನ್ನ ಯಾರ್ ನೋಡ್ತಾರ? ಕುಡಿಯೋದು ತೆಗಿ, ಛಲೋ ಮನುಷ್ಯಾನ ಮಾಡು" ಅನ್ನುತ್ತಾರೆ. ಗೆಳೆಯರು "ಕುಡಿಯೋ ಸೀನ್ ಇನ್ನ ಹೆಚ್ಚು ಹಾಕು, ನಗು ಅಲ್ಲೇ ಅದ" ಅನ್ನುತ್ತಾರೆ. ನಮ್ಮ ಜನ ತಪ್ಪು ಮಾಡುವ ಸೂಪರ್‌ಹೀರೋನನ್ನು ಒಪ್ಪುತ್ತಾರಾ? ಕುಡಿತ ತೋರಿಸಿದರೆ ಸೆನ್ಸಾರ್ ತೊಂದರೆ ಆಗುತ್ತಾ? ಹೀರೋ ನಮ್ಮ ಕಲಬುರಗಿ ಮಾತೇ ಆಡಿದರೆ ಅವನನ್ನು ಕಾಮಿಡಿ ಪಾತ್ರ ಅಂದುಕೊಳ್ಳುತ್ತಾರಾ? ಇಷ್ಟು ದುಡ್ಡಿನಲ್ಲಿ ಇದು ಆಗುವ ಕೆಲಸವಾ? ಕಥೆ ಜೊತೆಗೆ ಕಳಿಸಿದ್ದೇನೆ. ಭೀಮಶಾನ ಪಾತ್ರ ನಮ್ಮ ಕಾಕಾನನ್ನು ನೋಡಿ ಬರೆದದ್ದು. ಅವರು ಈಗಿಲ್ಲ.

ಉತ್ತರ: ನೀವು ಕಳಿಸಿದ 118 ಪುಟಗಳನ್ನು ಎರಡು ಸಲ ಓದಿದೆ. ಮೊದಲ ಸಲ ರಾತ್ರಿ ಊಟ ಆದ ಮೇಲೆ ಓದಿ ಜೋರಾಗಿ ನಕ್ಕೆ. ಮರುದಿನ ಬೆಳಿಗ್ಗೆ ಪೆನ್ಸಿಲ್ ಹಿಡಿದು ಓದಿದೆ, ಅಷ್ಟು ನಗು ಬರಲಿಲ್ಲ. ಅದಕ್ಕೆ ಕಾರಣ ಭೀಮಶಾನ ಕುಡಿತವೂ ಅಲ್ಲ, ಸಾಲವೂ ಅಲ್ಲ. ಕಾರಣ ಬೇರೆ ಇದೆ, ಅದಕ್ಕೆ ಬರುತ್ತೇನೆ. ನಾನು ಶಹಾಬಾದಿನವನು. ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ ಕೂತು ಬೇರೆಯವರ ಚಿತ್ರಕಥೆ ರಿಪೇರಿ ಮಾಡುತ್ತೇನೆ. ಹಾಗಾಗಿ ನಿಮ್ಮ ಊರಿನ ಬಿಸಿಲು, ನಿಮ್ಮ ಮಾವನ ಮಾತಿನ ಧಾಟಿ ಎರಡೂ ನನಗೆ ಗೊತ್ತು.

ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಒಳಗೆ ಇರುವ ಭಯ ಒಂದೇ ಅಲ್ವಾ? ಇಂಥವನನ್ನು ಜನ ಪ್ರೀತಿಸುತ್ತಾರಾ ಅನ್ನೋದು.

ಮಾವನ ಮಾತಿನಿಂದ ಶುರು ಮಾಡೋಣ. ಸೂಪರ್‌ಹೀರೋ ಅಂದರೆ ಶುದ್ಧ ಚಿನ್ನ, ಅವನು ತಪ್ಪು ಮಾಡಬಾರದು ಅನ್ನುವುದು ಹಳೇ ನಂಬಿಕೆ, ಆದರೆ ನಿಜವಲ್ಲ. 1938ರಲ್ಲಿ ಸೂಪರ್‌ಮ್ಯಾನ್ ಮೊದಲ ಸಲ ಕಾಮಿಕ್ಸಿನಲ್ಲಿ ಬಂದಾಗ ರಾತ್ರೋರಾತ್ರಿ ಗವರ್ನರ್ ಮನೆಯ ಬಾಗಿಲು ಒಡೆದು ಒಳಗೆ ನುಗ್ಗಿದ್ದ. ಅವನು ಸಭ್ಯ ಆಗಿದ್ದು ಆಮೇಲೆ. 1962ರಲ್ಲಿ ಬಂದ ಸ್ಪೈಡರ್‌ಮ್ಯಾನ್ "ನನಗ್ಯಾಕೆ" ಅಂತ ಒಬ್ಬ ಕಳ್ಳನನ್ನು ಓಡಿಹೋಗಲು ಬಿಡುತ್ತಾನೆ. ಅದೇ ಕಳ್ಳ ಅವನ ಚಿಕ್ಕಪ್ಪನನ್ನು ಕೊಲ್ಲುತ್ತಾನೆ. ಅವನ ಕಥೆ ಪೂರ್ತಿ ಆ ಒಂದು ಸೋಮಾರಿತನದ ಮೇಲೆ ನಿಂತಿದೆ. ಐರನ್‌ಮ್ಯಾನ್ ಕುಡಿತಕ್ಕೆ ಬಿದ್ದ ಕಥೆ ಬಂದಿದ್ದು 1979ರಲ್ಲಿ.

ಅಮೆರಿಕದವರೆಲ್ಲ ಯಾಕೆ, ನೀವು ಹೀರೋಗೆ ಇಟ್ಟ ಹೆಸರನ್ನೇ ನೋಡಿ. ಏಕಚಕ್ರ ನಗರದ ಜನ ಬಕಾಸುರನಿಗೆ ಅಂತ ಬಂಡಿ ತುಂಬ ಅನ್ನ ಕಳಿಸುತ್ತಾರೆ. ಆ ಬಂಡಿ ಹೊಡೆದುಕೊಂಡು ಹೋದ ಭೀಮ ಏನು ಮಾಡುತ್ತಾನೆ? ರಾಕ್ಷಸನ ಎದುರಿಗೇ ಕೂತು ಎಲ್ಲ ತಿಂದು ಮುಗಿಸುತ್ತಾನೆ. ಬೆನ್ನಿಗೆ ಗುದ್ದು ಬೀಳುತ್ತಿದ್ದರೂ ತುತ್ತು ಬಿಡುವುದಿಲ್ಲ. ಊಟ ಆದ ಮೇಲೆ ಯುದ್ಧ. ಇದಕ್ಕಿಂತ ಒಳ್ಳೆ ಆ್ಯಕ್ಷನ್ ಕಾಮಿಡಿ ಸೀನ್ ನನಗೆ ಗೊತ್ತಿಲ್ಲ. ಅವನಣ್ಣನ ಕಥೆಯಂತೂ ಬೇಡ, ಧರ್ಮರಾಯ ಅಂತ ಹೆಸರು, ಪಗಡೆಗೆ ಹೆಂಡತಿಯನ್ನೇ ಇಟ್ಟ. ಇವರನ್ನೆಲ್ಲ ರಾತ್ರಿಯಿಡೀ ಕೂತು ಬಯಲಾಟದಲ್ಲಿ ನೋಡಿ ಬೆಳೆದ ಜನ ನಮ್ಮವರು. ಅವರಿಗೆ ತಪ್ಪು ಮಾಡುವ ಹೀರೋ ಹೊಸಬನಲ್ಲ.

ಆದರೆ ಮಾವನನ್ನು ನೋಡಿ ನಗಬೇಡಿ. ಅವರು ಹೇಳುವ ಕಾರಣ ತಪ್ಪಾದರೂ ಹೆದರಿಕೆಯಲ್ಲಿ ಹುರುಳಿದೆ. ಜನ ತಪ್ಪನ್ನು ಒಪ್ಪುತ್ತಾರೆ, ಬಿಟ್ಟಿ ತಪ್ಪನ್ನು ಒಪ್ಪುವುದಿಲ್ಲ. ಧರ್ಮರಾಯ ಪಗಡೆಗೆ ಹದಿಮೂರು ವರ್ಷದ ಬೆಲೆ ಕೊಟ್ಟ. ನಿಮ್ಮ ಭೀಮಶಾ ಏನು ಕೊಟ್ಟ? 67ನೇ ಪುಟ ತೆಗೆಯಿರಿ. ಒಂದು ಹಾಡು. ಹಾಡು ಶುರುವಾದಾಗ ಕೈಯಲ್ಲಿ ಬಾಟ್ಲಿ, ಹಾಡು ಮುಗಿದಾಗ ಹಣೆಗೆ ವಿಭೂತಿ.

ಈ ಕೆಲಸ ನಾನೂ ಮಾಡಿದ್ದೇನೆ, ಅದಕ್ಕೇ ಹೇಳುತ್ತೇನೆ. ಹನ್ನೆರಡು ವರ್ಷದ ಹಿಂದೆ ಒಂದು ಚಿತ್ರದಲ್ಲಿ ಹೀರೋನ ಇಸ್ಪೀಟಿನ ಚಟವನ್ನು ಮೂರೂವರೆ ನಿಮಿಷದ ಹಾಡಿನಲ್ಲಿ ಬಿಡಿಸಿದೆ. ಬೆಂಗಳೂರಿನಲ್ಲಿ ಎಲ್ಲರೂ ಭೇಷ್ ಅಂದರು. ಆಮೇಲೆ ಊರಿಗೆ ಹೋದಾಗ ಟಾಕೀಸಿನಲ್ಲಿ ಕೂತು ನೋಡಿದೆ. ಹಾಡು ಮುಗಿಯಿತು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಪಕ್ಕದವಳಿಗೆ ಅಂದಳು, "ಇಷ್ಟ್ ಸಸಾರ ಇದ್ರ ನಮ್ಮನ್ಯಾಗ ಯಾವಾಗೋ ಬಿಡ್ತಿದ್ರು." ಆ ಚಿತ್ರ ಎರಡನೇ ವಾರ ಕಾಣಲಿಲ್ಲ. ವಿಮರ್ಶೆಗಳೆಲ್ಲ ಮರೆತುಹೋಗಿವೆ, ಆ ಮಾತು ಮರೆತಿಲ್ಲ.

ಈಗ ನಿಮ್ಮ ಗೆಳೆಯರ ಮಾತು. ಅವರು 'ಹ್ಯಾನ್‌ಕಾಕ್' ಹೆಸರು ಹೇಳಿರಬೇಕು, ಯಾಕೆಂದರೆ ನಿಮ್ಮ ಮೊದಲ ಅರ್ಧದ ಮೇಲೆ ಅದರ ನೆರಳಿದೆ. ತಪ್ಪೇನಿಲ್ಲ, ಆದರೆ ಅದನ್ನು ಸರಿಯಾಗಿ ನೋಡಿ. 2008ರ ಚಿತ್ರ, ನಿರ್ದೇಶಕ ಪೀಟರ್ ಬರ್ಗ್, ಹೀರೋ ವಿಲ್ ಸ್ಮಿತ್. ಲಾಸ್ ಏಂಜಲೀಸಿನಲ್ಲಿ ಬೆಂಚಿನ ಮೇಲೆ ಕುಡಿದು ಮಲಗಿರುವ ಒಬ್ಬ ಸೂಪರ್‌ಹೀರೋ. ಒಬ್ಬ ಹುಡುಗ ಎಬ್ಬಿಸುತ್ತಾನೆ. ಇವನು ಹಾರುತ್ತಾನೆ, ಕಳ್ಳರನ್ನು ಹಿಡಿಯುತ್ತಾನೆ, ಅವರ ಕಾರನ್ನು ಒಯ್ದು ಎತ್ತರದ ಕಟ್ಟಡದ ಚೂಪಿಗೆ ಚುಚ್ಚಿ ಬರುತ್ತಾನೆ. ಊರಿಗೆ ಊರೇ ಅವನನ್ನು ಬೈಯುತ್ತದೆ.

ಕುಡುಕ ಅನ್ನುವ ಕಾರಣಕ್ಕೆ ಜನ ನಕ್ಕರು ಅಂತ ನಿಮ್ಮ ಗೆಳೆಯರು ನಂಬಿದ್ದಾರೆ. ಅಲ್ಲ. ಹಳಿ ಮೇಲೆ ಸಿಕ್ಕಿಕೊಂಡ ಕಾರಿನ ಸೀನ್ ಇನ್ನೊಮ್ಮೆ ನೋಡಿ. ಒಳಗಿದ್ದವನನ್ನು ಉಳಿಸಲು ಹ್ಯಾನ್‌ಕಾಕ್ ರೈಲಿಗೇ ಎದುರು ನಿಲ್ಲುತ್ತಾನೆ. ರೈಲು ಹಳಿ ತಪ್ಪಿ ಚೆಲ್ಲಾಪಿಲ್ಲಿ. ಕಾರನ್ನು ಸುಮ್ನೆ ಮೇಲಕ್ಕೆ ಎತ್ತಿದ್ದರೆ ಆಗುತ್ತಿತ್ತಲ್ಲ ಅಂತ ಸುತ್ತಲಿನ ಜನ ಜಗಳ ತೆಗೆಯುತ್ತಾರೆ. ನಗು ಬರುವುದು ಅಲ್ಲಿ. ಆ ಸೀನಿನಲ್ಲಿ ಅವನು ಕುಡಿಯದೇ ಇದ್ದಿದ್ದರೂ ನಗು ಬರುತ್ತಿತ್ತು. ಬೆಟ್ಟದಷ್ಟು ಶಕ್ತಿ ಇದೆ, ಕಾಳಷ್ಟು ಜಾಗ್ರತೆ ಇಲ್ಲ. ತೂರಾಡುವ ನಡಿಗೆಯ ನಗು ಐದು ನಿಮಿಷದ್ದು, ನಾಟಕ ಕಂಪನಿ ಕಾಲದಿಂದ ಸವೆದು ಹೋದದ್ದು.

ಅದೇ ಚಿತ್ರದಲ್ಲಿ ಅವನನ್ನು ತಿದ್ದಲು ಬರುವವನು ಯಾರು? ಕಂಪನಿಗಳ ಹೆಸರು ಬೆಳೆಸುವ ಕೆಲಸದ ಒಬ್ಬ ಪ್ರಚಾರದವನು. ಅವನು ಹೇಳಿಕೊಡುವ ಪಾಠಗಳಲ್ಲಿ ಒಂದು ಏನು ಗೊತ್ತಾ? ನೆಲಕ್ಕೆ ಇಳಿಯುವುದು ಹೇಗೆ ಅನ್ನೋದು. ರಸ್ತೆ ಒಡೆಯದ ಹಾಗೆ, ಯಾರದೋ ಕಾರಿನ ಮೇಲೆ ಬೀಳದ ಹಾಗೆ ಇಳಿ ಅಂತ. ಹಾರೋಕೆ ಅವನಿಗೆ ಯಾರೂ ಕಲಿಸಬೇಕಿಲ್ಲ.

ಇಲ್ಲಿಗೆ ಬಂದಾಗ ನಿಮ್ಮ ಕಥೆಯ ಬೀಗದ ಕೈ ನನಗೆ ಸಿಕ್ಕಿತು. ಬೇಳೆ ಮಿಲ್ಲಿನ ಹಮಾಲರನ್ನು ಕೇಳಿ ನೋಡಿ. ಚೀಲ ಹೊರುವುದು ಮೈಗೆ ರೂಢಿ ಆಗುತ್ತದೆ. ಆದರೆ ಇಳಿಸುವಾಗ ಚೂರು ತಪ್ಪಿದರೆ ಸೊಂಟ ಹಿಡಿಯಿತು ಅಂತಲೇ ಲೆಕ್ಕ. ನಿಮ್ಮ ಭೀಮಶಾನಿಗೆ ಎತ್ತೋಕೆ ಬರುತ್ತೆ, ಇಳಿಸೋಕೆ ಬರಲ್ಲ. ಬಸ್ಸು ಎತ್ತುತ್ತಾನೆ, ಖಾನಾವಳಿ ಮೇಲೆ ಹಾಕುತ್ತಾನೆ. ಗ್ಲಾಸು ಎತ್ತಿದರೆ ಇಳಿಸಲ್ಲ. ಸಾಲ ಎತ್ತುತ್ತಾನೆ, ತೀರಿಸಲ್ಲ. ಸಿಟ್ಟು ಏರುತ್ತೆ, ಇಳಿಯಲ್ಲ. ಒಂದು ಸುಳ್ಳು ಶುರು ಮಾಡಿದರೆ ಅದನ್ನು ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಊರೆಲ್ಲ ಹೊತ್ತು ತಿರುಗುತ್ತಾನೆ. ಇದನ್ನೆಲ್ಲ ನೀವೇ ಬರೆದಿದ್ದೀರಿ, ಬೇರೆ ಬೇರೆ ಪುಟಗಳಲ್ಲಿ, ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ. ಅವನ ಶಕ್ತಿ, ಅವನ ತಪ್ಪು ಎರಡೂ ಒಂದೇ ಬೇರಿನವು. ಈ ಬೇರು ಇಲ್ಲದ ಕಡೆ ಕುಡುಕ ಸೂಪರ್‌ಹೀರೋ ಅಂದರೆ ಸುಮ್ನೆ ಒಂದು ಪೋಸ್ಟರ್ ಅಷ್ಟೇ.

ಎರಡನೇ ಓದಿಗೆ ನಗು ಕಡಿಮೆ ಆಗಿದ್ದು ಯಾಕೆ ಅಂತ ಈಗ ಹೇಳುತ್ತೇನೆ. ಇಂಟರ್ವಲ್ ಆದ ಮೇಲೆ ಎತ್ತುವುದು, ಇಳಿಸುವುದು ಎರಡೂ ಕಥೆಯಿಂದ ಮಾಯ. ಹೈದರಾಬಾದಿನ ವಿಜ್ಞಾನಿ ಬರುತ್ತಾನೆ, ಉಲ್ಕೆ ಕಲ್ಲು ಬರುತ್ತದೆ, ಭೀಮಶಾ ಏಕದಂ ಒಳ್ಳೆಯವನಾಗಿ ಗುದ್ದಾಡುತ್ತಾನೆ. ಹ್ಯಾನ್‌ಕಾಕ್‌ಗೂ ಇದೇ ಪೆಟ್ಟು ಬಿತ್ತು. ಆ ಕಥೆಯನ್ನು ವಿನ್ಸೆಂಟ್ ಎನ್‌ಗೋ ಅನ್ನುವವರು ಮೊದಲು ಬರೆದಿದ್ದು 1996ರಲ್ಲಿ, ಬೇರೆ ಹೆಸರಿನಲ್ಲಿ. ಆಗ ಅದು ತುಂಬ ಕತ್ತಲೆಯ ಕಥೆ. ತೆರೆಗೆ ಬರಲು ಹತ್ತು ವರ್ಷ ದಾಟಿತು, ನಡುವೆ ಹಲವರ ಕೈ ಬದಲಾಯಿತು. ಚಿತ್ರದ ಅರ್ಧಕ್ಕೆ ಪ್ರಚಾರದವನ ಹೆಂಡತಿಗೂ ಅದೇ ಶಕ್ತಿ ಇದೆ, ಅವರಿಬ್ಬರೂ ಸಾವಿರಾರು ವರ್ಷದ ಜೋಡಿ, ಹತ್ತಿರ ಇದ್ದಷ್ಟೂ ಶಕ್ತಿ ಕಳೆದುಕೊಳ್ಳುತ್ತಾರೆ ಅಂತ ಹೊಸ ಕಥೆಯೇ ಶುರುವಾಗುತ್ತದೆ. ಗಳಿಕೆ 60 ಕೋಟಿ ಡಾಲರ್ ದಾಟಿತು ನಿಜ. ವಿಮರ್ಶಕರಲ್ಲಿ ತುಂಬ ಜನ ಮೊದಲರ್ಧ ಮೆಚ್ಚಿ ಎರಡನೇ ಅರ್ಧಕ್ಕೆ ಮುಖ ಸಿಂಡರಿಸಿದರು. ಅವರ ಹತ್ತಿರ ವಿಲ್ ಸ್ಮಿತ್ ಇದ್ದರು, ಸುಮಾರು 15 ಕೋಟಿ ಡಾಲರ್ ಬಜೆಟ್ ಇತ್ತು, ದಾಟಿಕೊಂಡರು. ನಿಮ್ಮ ಹತ್ತಿರ ಮಾವ ಇದ್ದಾರೆ.

ವಿಜ್ಞಾನಿಯನ್ನು ತೆಗೆಯಿರಿ ಅನ್ನೋದು ನನ್ನ ಸಲಹೆ. ಮನಸ್ಸಿಗೆ ನೋವಾಗಬಹುದು, ಅವನ ಮೇಲೆ 31 ಪುಟ ಖರ್ಚು ಮಾಡಿದ್ದೀರಿ. ಆದರೆ ಎದುರಾಳಿ ಹೊರಗಿನಿಂದ ಬರಬೇಕಿಲ್ಲ. 2021ರ ಡಿಸೆಂಬರಿನಲ್ಲಿ ಬಂದ ಮಲಯಾಳದ 'ಮಿನ್ನಲ್ ಮುರಳಿ' ನೋಡಿದ್ದೀರಾ? ಒಂದೇ ರಾತ್ರಿ ಒಂದೇ ಊರಿನ ಇಬ್ಬರಿಗೆ ಸಿಡಿಲು ಬಡಿಯುತ್ತದೆ. ಒಬ್ಬ ದರ್ಜಿ, ಇನ್ನೊಬ್ಬ ಚಹಾದಂಗಡಿಯಲ್ಲಿ ದುಡಿಯುವವನು. ಆ ಎರಡನೆಯವನ ಸಂಕಟ ನಮಗೆ ಅರ್ಥ ಆಗುವುದರಿಂದಲೇ ಹೊಡೆದಾಟಕ್ಕೆ ತೂಕ ಬರುತ್ತದೆ. ಅದನ್ನೇ ಮಾಡಿ ಅಂತಲ್ಲ. ನಿಮ್ಮ ಎದುರಾಳಿ ನಿಮ್ಮ ಪುಟದಲ್ಲೇ ಇದ್ದಾನೆ: ಭೀಮಶಾನಿಗೆ ಬಡ್ಡಿಗೆ ಸಾಲ ಕೊಟ್ಟ ಸಾಹುಕಾರ. ಸಾಲದ ನೆಪದಲ್ಲಿ ಅವನು ಈ ಶಕ್ತಿಯನ್ನು ತನ್ನ ಕೆಲಸಕ್ಕೆ ಎತ್ತಿಕೊಂಡರೆ? ರಾತ್ರಿ ಹೊತ್ತು ಬೇರೆಯವರ ಗೋದಾಮು ಎತ್ತಿ ಇಡಿಸಿದರೆ? ಅಲ್ಲಿ ನಗುವೂ ಇದೆ, ಹೆದರಿಕೆಯೂ ಇದೆ, ಗ್ರಾಫಿಕ್ಸ್ ಉಲ್ಕೆಯ ಖರ್ಚೂ ಉಳಿಯಿತು.

ಕುಡಿತದ ವಿಷಯಕ್ಕೆ ಮೂರು ದಾರಿ ಕಾಣುತ್ತಿವೆ.

ಮಾವ ಹೇಳಿದ ಹಾಗೆ ಪೂರ್ತಿ ತೆಗೆದು ಸಾಲ, ಸುಳ್ಳು ಮಾತ್ರ ಇಡಬಹುದು. ಮನೆಮಂದಿ ಎಲ್ಲ ಕೂತು ನೋಡಬಹುದು, ಟಿವಿಗೆ ಮಾರಲು ಸುಲಭ. ಅಪಾಯ ಏನೆಂದರೆ ಭೀಮಶಾ ಒಬ್ಬ ತಮಾಷೆ ಮನುಷ್ಯ ಆಗಿಬಿಡುತ್ತಾನೆ. ಸುಳ್ಳು ಹೇಳುವವನನ್ನು ನೋಡಿ ನಾವು ನಗುತ್ತೇವೆ, ಅವನ ಬಗ್ಗೆ ಹೆದರುವುದಿಲ್ಲ. ಇನ್ನೊಂದು, ಗೆಳೆಯರು ಹೇಳಿದ ಹಾಗೆ ಕೊನೆಯವರೆಗೂ ಕುಡಿಸುವುದು. ಅದಕ್ಕೆ ಒಬ್ಬ ದೊಡ್ಡ ನಟ ಬೇಕು, ಬರವಣಿಗೆ ಗಟ್ಟಿ ಇರಬೇಕು. ಇಲ್ಲದಿದ್ದರೆ ಒಂದೂವರೆ ಗಂಟೆಗೆ ಜನಕ್ಕೆ ಸಾಕಾಗುತ್ತದೆ. ಇನ್ನೂ ಒಂದು ಮಾತು, ಹಮಾಲಿ ಅಂದರೆ ಕುಡುಕ ಅಂತ ಬೆಂಗಳೂರಿನವರು ಮೊದಲೇ ಅಂದುಕೊಂಡಿರುತ್ತಾರೆ. ಅದಕ್ಕೆ ನೀವೇ ಸಾಕ್ಷಿ ಕೊಟ್ಟ ಹಾಗೆ ಆಗುತ್ತದೆ. ಮಿಲ್ಲಿನಲ್ಲಿ ಕುಡಿಯದ ಹಮಾಲರು ನಾಲ್ಕು ಜನರಾದರೂ ತೆರೆ ಮೇಲೆ ಇರಲಿ, ಅವನ ಮೇಲೆ ಅವರಿಗೆ ಸಿಟ್ಟೂ ಇರಲಿ. ಅವನು ಬಾರದ ದಿನ ಅವನ ಪಾಲಿನ ಚೀಲ ಹೊರುವವರು ಅವರೇ ತಾನೇ?

ಮೂರನೆಯದು ನನ್ನ ಆಯ್ಕೆ. ಅವನು ಬಿಡಲಿ, ಆದರೆ ಹಾಡಿನಲ್ಲಿ ಅಲ್ಲ. ದಿನವೂ ಜಾಸ್ತಿ ಕುಡಿಯುತ್ತಿದ್ದವನು ಏಕದಂ ನಿಲ್ಲಿಸಿದರೆ ಮೊದಲ ಎರಡು ಮೂರು ದಿನ ಮೈ ಕೇಳುವುದಿಲ್ಲ. ಕೈ ನಡುಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣುತ್ತದೆ, ಜೀವಕ್ಕೇ ಕುತ್ತಾಗುವುದೂ ಉಂಟು. ಅದಕ್ಕೇ ವೈದ್ಯರು ಮನೆಯಲ್ಲಿ ಹಟಕ್ಕೆ ಬಿದ್ದು ನಿಲ್ಲಿಸಬೇಡಿ, ಆಸ್ಪತ್ರೆಗೆ ಬನ್ನಿ ಅನ್ನುತ್ತಾರೆ. ಇದನ್ನು ಚಾಂದಪಾಶಾನಿಗೆ ಒಬ್ಬ ಡಾಕ್ಟರು ಹೇಳಲಿ, ಒಂದೇ ಸಾಲಿನಲ್ಲಿ.

ಈಗ ಊಹಿಸಿ. ಬಿಟ್ಟು ಎರಡನೇ ದಿನ. ಜಿಲ್ಲಾಸ್ಪತ್ರೆ ಮಂಚದ ಮೇಲೆ ಕೈ ನಡುಗಿಸುತ್ತಾ ಮಲಗಿದ್ದಾನೆ. ಅದೇ ಹೊತ್ತಿಗೆ ಏನೋ ಒಂದು ಎತ್ತಬೇಕಾಗುತ್ತದೆ. ಎತ್ತುವುದು ಇವತ್ತೂ ಸುಲಭ. ಆದರೆ ಇಳಿಸಬೇಕು, ಕೆಳಗೆ ಜನ ಇದ್ದಾರೆ, ಮೆಲ್ಲಗೆ ಇಳಿಸಬೇಕು, ಮತ್ತು ಕೈ ನಡುಗುತ್ತಿದೆ. ಒಂದು ಗುಟುಕು ಹಾಕಿದರೆ ನಡುಕ ನಿಲ್ಲುತ್ತದೆ ಅಂತ ಅವನಿಗೂ ಗೊತ್ತು, ನೋಡುವವರಿಗೂ ಗೊತ್ತು. ಇದು ನಿಮ್ಮ ಕ್ಲೈಮ್ಯಾಕ್ಸ್. ಉಲ್ಕೆ ಯಾಕೆ ಬೇಕು?

ಅಪಾಯ ಇಲ್ಲೂ ಇದೆ. ನಗು ಬರುವ ಚಿತ್ರ ಆಸ್ಪತ್ರೆ ವಾರ್ಡಿನಲ್ಲಿ ಭಾರ ಆಗಿಬಿಡಬಹುದು. ಅದನ್ನು ಹಗುರ ಇಡುವ ಮನುಷ್ಯ ನಿಮ್ಮ ಹತ್ತಿರ ಇದ್ದಾನೆ, ಚಾಂದಪಾಶಾ. ಅವನನ್ನು ಸುಮ್ನೆ ಬುದ್ಧಿ ಹೇಳಲು ಇಟ್ಟುಕೊಂಡಿದ್ದೀರಿ. ನಮ್ಮ ದೊಡ್ಡಾಟ ನೆನಪಿಸಿಕೊಳ್ಳಿ. ರಾಜ ಬಂದು ಧಿಮಿಕಿ ಹಾಕಿ ನಾನು ಇಂಥವನು ಅಂಥವನು ಅಂತ ಕೊಚ್ಚಿಕೊಳ್ಳುತ್ತಾನೆ. ಸಾರಥಿ ಪಕ್ಕದಲ್ಲಿ ನಿಂತು ಹೌದಪ್ಪ ಹೌದು ಅನ್ನುತ್ತಲೇ ಗಾಳಿ ತೆಗೆಯುತ್ತಾನೆ. ಚಾಂದಪಾಶಾ ಸಾರಥಿ. ವೃತ್ತಿಯಲ್ಲೂ ಸಾರಥಿಯೇ, ಆಟೋ ಓಡಿಸುತ್ತಾನೆ! ಭೀಮಶಾ ಏನೋ ಉಳಿಸಿದಾಗಲೆಲ್ಲ ಈ ಬಡಪಾಯಿಯ ಆಟೋ ನುಚ್ಚುನೂರಾಗುತ್ತದೆ, ಆದರೂ ಅವನು ಬುದ್ಧಿ ಹೇಳದೆ ಲೆಕ್ಕ ಬರೆದಿಡಲಿ. ಸಣ್ಣ ಡೈರಿ, ಮುರಿದ ಹೆಡ್‌ಲೈಟ್, ಹರಿದ ಹುಡ್, ಇಂತಿಷ್ಟು ರೂಪಾಯಿ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು ಆ ಡೈರಿ ಓದಿದರೆ ಸಾಕು, ಉಪದೇಶದ ಡೈಲಾಗು ಬೇಕಿಲ್ಲ.

ಭಾಷೆ ಬಗ್ಗೆ ಕೇಳಿದ್ದೀರಿ. ಹೆದರಿಕೆ ಸುಳ್ಳಲ್ಲ. ನಾಟಕ ಕಂಪನಿಗಳಲ್ಲಿ ನಾಯಕ ಪುಸ್ತಕದ ಕನ್ನಡ ಆಡುತ್ತಿದ್ದ, ಹಾಸ್ಯದ ಜೋಡಿ ನಮ್ಮ ಮಾತು ಆಡುತ್ತಿತ್ತು. ಸಿನಿಮಾ ಆ ಅಭ್ಯಾಸವನ್ನೇ ಮುಂದುವರಿಸಿತು. ಹಾಗಾಗಿ ನಮ್ಮ ಭಾಷೆ ಕೇಳಿದ ಕೂಡಲೇ ನಗಲು ತಯಾರಾಗುವ ಪ್ರೇಕ್ಷಕರು ಇದ್ದಾರೆ. ಆದರೆ ಅದರ ಕಾರಣ ಭಾಷೆಯಲ್ಲಿಲ್ಲ, ಹಂಚಿಕೆಯಲ್ಲಿದೆ. ಒಬ್ಬನಿಗೆ ಮಾತ್ರ ಕೊಟ್ಟರೆ ಅವನು ಜೋಕರ್ ಆಗುತ್ತಾನೆ. ನಿಮ್ಮ ಕಥೆಯಲ್ಲಿ ಭೀಮಶಾ ಕಲಬುರಗಿ ಮಾತು ಆಡುತ್ತಾನೆ, ಡಾಕ್ಟರು, ಪೊಲೀಸ್ ಅಧಿಕಾರಿ, ನಾಯಕಿ ಮೂವರೂ ಬೆಂಗಳೂರು ಕನ್ನಡ ಆಡುತ್ತಾರೆ. ಕಲಬುರಗಿಯಲ್ಲೇ ಹುಟ್ಟಿದ ನಾಯಕಿ ಅದ್ಯಾಕೆ ಹಾಗೆ ಮಾತಾಡುತ್ತಾಳೆ ಮಾರಾಯರೇ? ಎಲ್ಲರಿಗೂ ಊರ ಮಾತು ಕೊಡಿ, ಸಾಹುಕಾರನಿಗೂ ಕೊಡಿ. ಆದರೆ ಒಂದೇ ಥರ ಬೇಡ. ಚಾಂದಪಾಶಾನ ಕನ್ನಡದಲ್ಲಿ ದಖನಿ ಉರ್ದು ಸುಳಿಯಬೇಕು, ಆಳಂದ ಕಡೆಯ ಮುದುಕಿ ಬಾಯಲ್ಲಿ ಮರಾಠಿ ಗಾಳಿ ಇರಬೇಕು. ಆಗ ನಗು ಭಾಷೆಗೆ ಬೀಳುವುದಿಲ್ಲ, ಮಾತಿಗೆ ಬೀಳುತ್ತದೆ.

ಸೆನ್ಸಾರ್ ವಿಷಯ ನೀವು ಅಂದುಕೊಂಡಷ್ಟು ಭಯಂಕರ ಅಲ್ಲ. ಕುಡಿತ ತೋರಿಸಲೇಬಾರದು ಅಂತ ನಿಯಮ ಇಲ್ಲ. ಕುಡಿತವನ್ನು ಸಮರ್ಥಿಸುವ, ಮೆರೆಸುವ ದೃಶ್ಯ ಇರಬಾರದು ಅಂತ ಮಾರ್ಗಸೂಚಿ ಹೇಳುತ್ತದೆ. ನಿಮ್ಮ 14ನೇ ಪುಟದ ಕುಡಿತದ ಹಾಡು ಆ ಗೆರೆಯ ಮೇಲೆ ನಿಂತಿದೆ, ಆಸ್ಪತ್ರೆ ಸೀನ್ ಅಲ್ಲ. 2024ರ ಹೊಸ ನಿಯಮದಿಂದ ಯುಎ, ಅಂದರೆ ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದು ಅನ್ನುವ ಸರ್ಟಿಫಿಕೇಟಿನಲ್ಲಿ 7, 13, 16 ವರ್ಷ ಅಂತ ಮೂರು ಮೆಟ್ಟಿಲು ಬಂದಿವೆ. ನಿಮ್ಮದು ಯಾವ ಮೆಟ್ಟಿಲಿಗೆ ಬೀಳಬೇಕು ಅಂತ ಬರೆಯುವಾಗಲೇ ಯೋಚಿಸಿ, ಟಿವಿ ಮಾರಾಟಕ್ಕೆ ಅದು ಮುಖ್ಯ. ಸಿಗರೇಟು, ಬೀಡಿ ಮಾತ್ರ ತೆಗೆದುಬಿಡಿ. ತಂಬಾಕು ತೋರಿಸಿದರೆ ಚಿತ್ರದ ಶುರುವಿಗೆ, ಮಧ್ಯಕ್ಕೆ ಎಚ್ಚರಿಕೆಯ ತುಣುಕು ಹಾಕಬೇಕು, ಆ ದೃಶ್ಯ ಇರುವಷ್ಟು ಹೊತ್ತು ಕೆಳಗೆ ಬರಹ ಇರಬೇಕು. ಭೀಮಶಾನಿಗೆ ಬೀಡಿಯಿಂದ ಏನೂ ಸಿಗುತ್ತಿಲ್ಲ. ಹಾಂ, 22ನೇ ಪುಟದಲ್ಲಿ ಎಮ್ಮೆ ಎತ್ತಿಸಿದ್ದೀರಿ. ಪ್ರಾಣಿ ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಸರ್ಟಿಫಿಕೇಟಿನ ಹೊತ್ತಿಗೆ ಸಿಕ್ಕಿಬೀಳುತ್ತೀರಿ. ಎಮ್ಮೆ ಬದಲು ಟಂಟಂ ಗಾಡಿ ಎತ್ತಿಸಿ.

ಅನುಮತಿ ಅಂದಾಗ ನೆನಪಾಯಿತು. ಕೋಟೆಯಲ್ಲಿ ಬಾರಾ ಗಜ್ ತೋಪನ್ನು ಭೀಮಶಾ ಹೆಗಲಿಗೆ ಏರಿಸುವ ಸೀನ್ ಓದಿ ಖುಷಿಯಾಯಿತು. ಸುಮಾರು 29 ಅಡಿ ಉದ್ದದ ತೋಪು, ಬಹಮನಿಯವರ ಕೋಟೆ, ಅದನ್ನು ಒಬ್ಬ ಹಮಾಲಿ ಎತ್ತುವುದು ಅಂದರೆ ಚಪ್ಪಾಳೆ ಗ್ಯಾರಂಟಿ. ಆದರೆ ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ಶೂಟಿಂಗಿಗೆ ಅರ್ಜಿ, ಶುಲ್ಕ, ಷರತ್ತು ಎಲ್ಲ ಇರುತ್ತದೆ, ತೋಪಿಗೆ ಹಗ್ಗ ಕಟ್ಟಲು ಬಿಡುವುದಿಲ್ಲ. ದೂರದ ಶಾಟ್ ಮಾತ್ರ ಅಲ್ಲಿ ತೆಗೆದು, ಹತ್ತಿರದ್ದಕ್ಕೆ ಥರ್ಮಾಕೋಲಿನ ತುಂಡು ಮಾಡಿಸಿಕೊಳ್ಳಿ. ರೈಲ್ವೆ ಗೇಟಿಗೂ ಇದೇ ಕಥೆ. ಮುಂಬೈ-ಚೆನ್ನೈ ಮಾರ್ಗದಲ್ಲಿ ರೈಲು ನಿಲ್ಲಿಸಿ ಶೂಟಿಂಗ್ ಮಾಡುವ ಕನಸು ಬಿಡಿ. ರೈಲು ಕಾಣಲೇಬೇಕಿಲ್ಲ. ಗೇಟು, ಹಾರ್ನ್ ಸದ್ದು, ಬಸ್ಸಿನ ಕಿಟಕಿಯಲ್ಲಿ ಜನರ ಮುಖದ ಮೇಲೆ ಬೆಳಕು ಸಾಕು.

40 ಲಕ್ಷದಲ್ಲಿ ಆಗುತ್ತಾ? ನಿಮ್ಮ ಈಗಿನ ಕಥೆ ಆಗುವುದಿಲ್ಲ. ನಾನು ಹೇಳಿದ ಕಥೆ, ಕೈ ಬಿಗಿ ಹಿಡಿದರೆ ಆಗಬಹುದು. ಎತ್ತುವುದನ್ನು ತೋರಿಸುವುದು ದುಬಾರಿ, ಎತ್ತಿದ ಮೇಲೆ ಆದದ್ದನ್ನು ತೋರಿಸುವುದು ಅಗ್ಗ. ಹಳೇ ಗುಜರಿ ಬಸ್ಸು ಕ್ರೇನಿನಲ್ಲಿ ತಂದು ಒಂದು ಸೆಟ್ಟಿನ ಚಪ್ಪರದ ಮೇಲೆ ಒಮ್ಮೆ ಇಟ್ಟರೆ ಆಯಿತು, ಅದೇ ನಿಮ್ಮ ದೊಡ್ಡ ಶಾಟ್. ಕ್ಯಾಮೆರಾ ಅಲುಗಾಡದ ಹಾಗೆ ಸ್ಟ್ಯಾಂಡಿಗೆ ಬಿಗಿದು, ಕ್ರೇನ್ ಇಲ್ಲದ ಖಾಲಿ ಜಾಗವನ್ನೂ ಮೊದಲೇ ತೆಗೆದಿಟ್ಟುಕೊಂಡರೆ ಕ್ರೇನಿನ ಹಗ್ಗ ಅಳಿಸುವುದು ನಿಮಗೇ ಬರುತ್ತದೆ. ಮದುವೆ ವಿಡಿಯೋದಲ್ಲಿ ಕರೆಂಟ್ ವೈರು ಅಳಿಸುತ್ತೀರಲ್ಲ, ಅದೇ ಕೆಲಸ. ತೂಕ ಕಣ್ಣಿಗಿಂತ ಕಿವಿಗೆ ಬೇಗ ತಿಳಿಯುತ್ತದೆ. ಹಾಗಾಗಿ ಸದ್ದಿಗೆ ದುಡ್ಡು ಎತ್ತಿಡಿ. ಮತ್ತೆ, ಮೇ ತಿಂಗಳಲ್ಲಿ ಹೊರಗೆ ಶೂಟಿಂಗ್ ಇಡಬೇಡಿ. 44 ಡಿಗ್ರಿಯಲ್ಲಿ ಜನವೂ ಸುಸ್ತು, ಕ್ಯಾಮೆರಾವೂ ಸುಸ್ತು.

ಮಾವನಿಗೆ ಹೀಗೆ ಹೇಳಿ: ಹೀರೋ ಗಟಾರಕ್ಕೆ ಬೀಳುತ್ತಾನೆ, ಆದರೆ ಬಿದ್ದದ್ದರ ಲೆಕ್ಕ ಕೊನೆಯ ಪೈಸೆವರೆಗೂ ತೀರುತ್ತದೆ. ಗೊಬ್ಬರದ ಅಂಗಡಿಯವರಿಗೆ ಉದ್ರಿ ಪುಸ್ತಕ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ನಿಮ್ಮ ಪತ್ರದ ಕೊನೆಯ ಎರಡು ಸಾಲು. ಭೀಮಶಾ ನಿಮ್ಮ ಕಾಕಾ ಅಂದಿದ್ದೀರಿ. ಕಥೆ ಓದುವಾಗ ಅದು ಗೊತ್ತಾಗುತ್ತದೆ. ಅವನು ಮಕ್ಕಳಿಗೆ ಪಾಪಡಿ ತರುವ ಸೀನ್, ಮೈಮೇಲೆ ಎಚ್ಚರ ಇಲ್ಲದಿದ್ದರೂ ಪೊಟ್ಟಣ ಮಾತ್ರ ಬೀಳದ ಹಾಗೆ ಎದೆಗೆ ಅವುಚಿಕೊಂಡು ಬರುವುದು, ಅದನ್ನು ಯಾರೂ ಕೂತು ಕಟ್ಟಿ ಬರೆಯಲು ಆಗುವುದಿಲ್ಲ. ಅದನ್ನು ಮುಟ್ಟಬೇಡಿ.

ಆದರೆ ನನಗೊಂದು ಅನುಮಾನ. ನೀವು ಕಾಕಾನನ್ನು ನೋಡಿದ್ದು ಪಾಪಡಿ ತಿನ್ನುವ ಹುಡುಗನ ಕಣ್ಣಿನಿಂದ. ಆ ಹುಡುಗನಿಗೆ ಅವರು ಸೂಪರ್‌ಹೀರೋ. ಅವರು ಎತ್ತಿದ್ದನ್ನು ಯಾರು ಇಳಿಸಿದರು, ಮನೆಯಲ್ಲಿ? ನಿಮ್ಮ ಪತ್ರದಲ್ಲಿ ಕಾಕು, ಅಂದರೆ ಕಾಕಾನ ಹೆಂಡತಿ, ಇಲ್ಲ. ಕಥೆಯಲ್ಲೂ ಭೀಮಶಾನಿಗೆ ಹೆಂಡತಿ ಇಲ್ಲ, ತಾಯಿ ಇಲ್ಲ, ಅವನ ತಪ್ಪಿನ ಬಿಲ್ಲು ಕಟ್ಟುವ ಹೆಂಗಸು ಒಬ್ಬಳೂ ಇಲ್ಲ. ಇದ್ದವಳು ಒಬ್ಬಳೇ, ಖಾನಾವಳಿಯವಳು. ಅವಳ ತಲೆ ಮೇಲೆ ಬಸ್ಸು ಬಿತ್ತು. 36ನೇ ಪುಟದಲ್ಲಿ ಎರಡು ಸಾಲು ಬೈದು ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ನೀವು ಅವಳನ್ನು ಬರೆದಿರುವುದು "ಖಾನಾವಳಿ ಹೆಂಗಸು" ಅಂತ.

ಅವಳು ಮರುದಿನ ಬೆಳಿಗ್ಗೆ ಏನು ಮಾಡಿದಳು? ಚಪ್ಪರ ಇಲ್ಲ, ಒಲೆ ಇಲ್ಲ, ಐವತ್ತು ಜನ ಬದುಕಿದ ಸುದ್ದಿ ಪೇಪರಿನಲ್ಲಿದೆ. ರೊಟ್ಟಿ ಬಡಿಯಲು ಕೂತಳಾ? ಎಲ್ಲಿ ಕೂತಳು? ಅಷ್ಟು ಬರೆದು ಕಳಿಸಿ, ಮೂರು ಪುಟ ಸಾಕು. ಅದಕ್ಕೂ ಮೊದಲು ಅವಳಿಗೊಂದು ಹೆಸರಿಡಿ.